ಕುರ್ಚಿಯಲ್ಲಿ ಕೂತು ಕಲಿಸಿದ ಹಿಡಿತ

ಸೋದರಮಾವನ ಕಾಲು ಮುರಿಯದೆ ಇದ್ದಿದ್ದರೆ ಮಾಕ್ ಯುನ್‌ಹಿಂಗಳಿಗೆ ಕೀಲುಹಿಡಿತದ ವಿದ್ಯೆ ಸಿಗುತ್ತಲೇ ಇರಲಿಲ್ಲ. ಮಾವ ಫೋಕ್ ಟಾಟ್‌ಸಿಂಗ್ ದಕ್ಷಿಣ ಚೀನಾದ ಶುಂಡೆ ಸೀಮೆಯಲ್ಲಿ ಹೆಸರಾದ, ಹುಂಗ್ ಮುಷ್ಟಿ ಎಂಬ ಕಾಳಗವಿದ್ಯೆಯ ಗುರು. ಹೊಸ ವರ್ಷದ ಸಿಂಹ ಕುಣಿತದಲ್ಲಿ ಒಂದರ ಮೇಲೊಂದು ಪೇರಿಸಿದ ಬೆಂಚುಗಳನ್ನು ಹತ್ತಿ, ಸಿಂಹದ ತಲೆಯ ಸಮೇತ ಕೆಳಗೆ ಬಿದ್ದ. ತೊಡೆಯ ಮೂಳೆ ಮುರಿಯಿತು. ಹಿಪ್ಪುನೇರಳೆ ತೋಟದ ಅಂಚಿನ ಮನೆಯಲ್ಲಿ ಬಿದಿರು ಕುರ್ಚಿಗೆ ಅಂಟಿಕೊಂಡು ಕೂತ.

ಶಿಷ್ಯರು ಮೊದಮೊದಲು ಅಕ್ಕಿಮದ್ಯ ಹಿಡಿದು ಬಂದು ಹೋದರು. ಆಮೇಲೆ ಬರುವುದು ಕಡಿಮೆಯಾಯಿತು. ಬಂದವರನ್ನೆಲ್ಲ ಮಾವ "ಕೈ ಕೊಡೋ ಇಲ್ಲಿ" ಎಂದು ಕರೆದು ಮಣಿಕಟ್ಟು ತಿರುಚುತ್ತಿದ್ದ, ಅದೇ ಕಾರಣ. ದಿನವೂ ತಪ್ಪದೆ ಬರುತ್ತಿದ್ದವಳು ಗಂಜಿ ಮತ್ತು ಉಪ್ಪುಮೀನು ತರುವ ಸೋದರಸೊಸೆ ಯುನ್‌ಹಿಂಗ್ ಒಬ್ಬಳೇ.

"ಹಿಂಗ್, ಒಂದ್ಸಲ ಕೈ ಕೊಡೇ."

"ಗಂಜಿ ಆರಿ ಹೋಗುತ್ತೆ ಮಾವ."

"ಆರಲಿ ಬಿಡು. ನನ್ನ ಕೈ ತುಕ್ಕು ಹಿಡೀತಾ ಇದೆ."

ಕೊಟ್ಟಳು. ಮರುಕ್ಷಣವೇ ಮಂಡಿಯೂರಿ ಕೂತಿದ್ದಳು. ನೋವು ಮೊಣಕೈಯಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ ಹತ್ತಿತು. ಅವಳು ಕಿರುಚಲಿಲ್ಲ. ಮಾವ ಬಿಟ್ಟ ಮೇಲೆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಕಿರುಬೆರಳನ್ನ ಮೇಲಕ್ಕೆ ತಂದ್ರಲ್ಲ, ಅಲ್ಲಿಂದ ತಾನೆ ಶುರುವಾಗಿದ್ದು?" ಎಂದು ಕೇಳಿದಳು. ಆಗಷ್ಟೇ ಗಂಜಿಯ ಬಟ್ಟಲು ಎತ್ತಿಕೊಂಡಿದ್ದ ಮಾವ ಅದನ್ನು ಕೆಳಗಿಟ್ಟ. ತನ್ನ ಶಿಷ್ಯರಲ್ಲಿ ಯಾರೂ ಅವನಿಗೆ ಆ ಪ್ರಶ್ನೆ ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಗಂಜಿ ದಿನವೂ ಆರಿಯೇ ಹೋಯಿತು. ಕಾಲು ಊರಲಾಗದ ಮನುಷ್ಯ ತನ್ನ ವಿದ್ಯೆಯನ್ನೆಲ್ಲ ಸೊಂಟದಿಂದ ಮೇಲಕ್ಕೆ ಒಟ್ಟುಮಾಡಿಕೊಂಡಿದ್ದ. ಹಾರುವುದಿಲ್ಲ, ಒದೆಯುವುದಿಲ್ಲ, ಬಂದ ಕೈಯನ್ನು ಬರಮಾಡಿಕೊಂಡು, ಅದು ಹೋಗಬೇಕೆಂದುಕೊಂಡ ಕಡೆಗೇ ಇನ್ನೊಂದಿಷ್ಟು ಕಳಿಸಿ, ಕೀಲು ಇನ್ನು ಮುಂದೆ ಹೋಗಲಾರದ ಜಾಗದಲ್ಲಿ ನಿಲ್ಲಿಸುವುದು. "ಮುರಿಯೋದಕ್ಕೆ ಗುರು ಬೇಡ ಕಣೇ, ಕಟುಕನೂ ಮುರೀತಾನೆ," ಎನ್ನುತ್ತಿದ್ದ. "ಮುರಿಯೋ ಜಾಗದಲ್ಲಿ ತಂದು ನಿಲ್ಲಿಸಿ ಮಾತಾಡೋದಕ್ಕೆ ಕಲಿ." ಯಾವ ಹಿಡಿತ ಎಲ್ಲಿ ಕಚ್ಚುತ್ತದೆಂದು ಅವಳು ತನ್ನ ಮೈಯಿಂದಲೇ ಕಲಿತಳು.

ಕಾಲು ಕೂಡಿದ ಮೇಲೆ ಮಾವ ವಂಶದ ಗುಡಿಯಂಗಳಕ್ಕೆ, ತನ್ನ ಹುಡುಗರ ಬಳಿಗೆ ಮರಳಿದ. ಆ ಅಂಗಳದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಮಾವ ಅದನ್ನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಅವಳ ಮನಸ್ಸಿನಲ್ಲಿ ಆಗಲೇ ಬೇರೆ ತೀರ್ಮಾನವಾಗಿತ್ತು. ದೇವಿಯ ಎದುರು ಕೂತು, ಜಡೆಯನ್ನು ತಾನೇ ಬಾಚಿ ತುರುಬು ಕಟ್ಟಿಕೊಂಡು, ಮದುವೆಯಾಗುವುದಿಲ್ಲವೆಂದು ಆಣೆಯಿಟ್ಟು, ಅಂಥ ಆಣೆಯಿಟ್ಟ ಹೆಂಗಸರು ಒಟ್ಟಿಗೆ ಬಾಳುವ ತುರುಬಿನ ಅಕ್ಕತಂಗಿಯರ ಮನೆ ಸೇರಿದಳು. ಹಗಲೆಲ್ಲ ರೇಷ್ಮೆ ನೂಲುವ ಕಾರ್ಖಾನೆಯಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಗೂಡುಗಳಿಂದ ಎಳೆ ಬಿಚ್ಚುವ ಕೆಲಸ. ಎಳೆ ಬಿಗಿಯಾದರೆ ತುಂಡಾಗುತ್ತದೆ, ಸಡಿಲವಾದರೆ ಗಂಟಾಗುತ್ತದೆ. ಹಾಗಾಗಿ ಅವಳ ಬೆರಳ ತುದಿಗಳು ಕಣ್ಣಿಗಿಂತ ಮೊದಲೇ ಬಿಗಿಯನ್ನು ಅರಿಯತೊಡಗಿದವು.

ಅಲ್ಲಿ ಅವಳ ಪಕ್ಕದ ತೊಟ್ಟಿಯವಳು ಹೊಯ್‌ಟೊಂಗ್. ಬಾಯಿ ತುಂಬಾ ನಗುವ, ಕಾರಣವಿಲ್ಲದೆ ಜಗಳ ಕಾಯುವ ಹುಡುಗಿ. ಅವಳೂ ತುರುಬು ಕಟ್ಟಿ ಆಣೆಯಿಟ್ಟವಳೇ. ಆದರೆ ಅವಳಣ್ಣ, ಅವಳ ಮಾತೂ ಕೇಳದೆ, ಗೂಡಿನ ವ್ಯಾಪಾರಿಯೊಬ್ಬನಿಗೆ ಎರಡನೇ ಹೆಂಡತಿಯಾಗಿ ಕೊಡುತ್ತೇನೆಂದು ಒಪ್ಪಿಬಿಟ್ಟ. ಬರುವುದಿಲ್ಲವೆಂದು ಹೊಯ್‌ಟೊಂಗ್ ಹೇಳಿ ಕಳಿಸಿದಳು. ವ್ಯಾಪಾರಿ ದೋಣಿ ಕಳಿಸಿದ.

ಬೆಳಗ್ಗೆ ಹೆಂಗಸರು ಕಾರ್ಖಾನೆಗೆ ಹೊರಡುವ ಹೊತ್ತಿಗೆ ದೋಣಿ ಕಾಲುವೆಯ ಕಟ್ಟೆಗೆ ಬಂದು ನಿಂತಿತು. ನಾಲ್ಕು ಜನ ಇಳಿದರು. ಮುಂದೆ ಇದ್ದವನು ಲೋ ಬಿಂಗ್‌ಕ್ವಾನ್. ಯುನ್‌ಹಿಂಗಳ ಮಾವನ ಮೆಚ್ಚಿನ ಶಿಷ್ಯ, ಎತ್ತಿನಂಥ ಆಳು. ಹೊಯ್‌ಟೊಂಗಳ ಕಡೆಗೆ ಅವನು ಕೈ ಚಾಚುವಷ್ಟರಲ್ಲಿ ಯುನ್‌ಹಿಂಗ್ ನಡುವೆ ಬಂದು ನಿಂತಳು.

"ಅಣ್ಣಾ, ಗುರುಗಳು ನಿಮಗೆ ಹೆಣ್ಣು ಹೊರೋ ಕೂಲಿ ಕೆಲಸಾನೂ ಕಲಿಸಿದ್ರಾ?"

ಹಿಂದಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಬಿಂಗ್‌ಕ್ವಾನನ ಮುಖ ಕೆಂಪಾಯಿತು.

"ದಾರಿ ಬಿಡಮ್ಮ. ಇದು ಅವರ ಮನೆ ವಿಚಾರ."

"ಅವಳ ಮನೆ ಇಲ್ಲೇ ಇದೆ. ವಿಚಾರಾನೂ ಇಲ್ಲೇ ಮುಗೀತು."

ಅವನು ಅವಳ ಎದೆಯ ಬಳಿ ಅಂಗಿ ಹಿಡಿದು ಪಕ್ಕಕ್ಕೆ ನೂಕಿದ. ಇಲ್ಲ, ನೂಕಲು ಹೋದ. ಅವಳ ಎಡಗೈ ಅವನ ಹಸ್ತವನ್ನು ತನ್ನ ಮೈಗೇ ಒತ್ತಿ ಹಿಡಿದಿತ್ತು. ಅವಳು ಸೊಂಟ ತಿರುಗಿಸಿದಳು. ಅವನ ಕಿರುಬೆರಳು ಆಕಾಶ ನೋಡಿತು. ಅವಳ ಬಲ ಮುಂಗೈ ಅವನ ಮೊಣಕೈ ಮಡಿಕೆಯ ಮೇಲೆ, ಹಿಟ್ಟಿನ ಮೇಲೆ ಲಟ್ಟಣಿಗೆ ಇಟ್ಟಷ್ಟೇ ಸಲೀಸಾಗಿ, ಕೂತಿತು. ಅಷ್ಟು ದೊಡ್ಡ ಆಳು ಕಟ್ಟೆಯ ಒದ್ದೆ ಕಲ್ಲಿನ ಮೇಲೆ ಮಂಡಿಯೂರಿದ.

ಉಳಿದವರಲ್ಲಿ ಒಬ್ಬ ಮುಂದೆ ಬಂದ. "ನೀನು ಬಂದ್ರೆ ನಾನು ಸ್ವಲ್ಪ ತಿರುಗಬೇಕಾಗುತ್ತೆ," ಎಂದಳು ಯುನ್‌ಹಿಂಗ್. "ಸ್ವಲ್ಪ ತಿರುಗಿದ್ರೆ ಇವರ ಮಣಿಕಟ್ಟು ಹೋಗುತ್ತೆ. ಬೇಕಾ ಅಂತ ಇವರನ್ನೇ ಕೇಳು."

"ಬರಬೇಡ್ರೋ!" ಎಂದು ಕೂಗಿದವನು ಬಿಂಗ್‌ಕ್ವಾನನೇ.

ಅವಳು ಹಿಡಿತ ಬದಲಿಸಿ, ಅವನ ಎರಡು ಬೆರಳುಗಳನ್ನು ಮಾತ್ರ ಹಿಂದಕ್ಕೆ ಬಾಗಿಸಿಕೊಂಡು, ಮದುವೆಗೆ ಬಂದ ನೆಂಟನನ್ನು ಬೀಳ್ಕೊಡುವ ಹಾಗೆ ದೋಣಿಯವರೆಗೆ ನಡೆಸಿಕೊಂಡು ಹೋದಳು. ಅವನು ತುದಿಗಾಲಲ್ಲಿ ನಡೆದ. ದೋಣಿ ಹತ್ತಿಸಿ ಕೈಬಿಟ್ಟಳು.

ಎರಡು ದಿನ ಕಳೆದು ಮಾವನಿಂದ ಕರೆ ಬಂತು. ಅಕ್ಕತಂಗಿಯರ ಮನೆಯ ಹಿರಿಯಳನ್ನು ಎಲ್ಲರೂ ಮೂರನೇ ಅತ್ತೆ ಎನ್ನುತ್ತಿದ್ದರು. ಆಕೆಯೂ ಜೊತೆಗೆ ಹೊರಟಳು, "ಬೈದ್ರೆ ನಾನೂ ಬೈತೀನಿ" ಎಂದುಕೊಂಡು. ಗುಡಿಯಂಗಳದಲ್ಲಿ ಶಿಷ್ಯರೆಲ್ಲ ಸಾಲಾಗಿ ನಿಂತಿದ್ದರು. ಬಿಂಗ್‌ಕ್ವಾನ್ ಮುಂದಿನ ಸಾಲಿನಲ್ಲಿ ಮಣಿಕಟ್ಟಿಗೆ ಮದ್ದಿನ ಪಟ್ಟಿ ಕಟ್ಟಿಕೊಂಡಿದ್ದ.

"ಇವನು ದೂರು ತಂದಿದಾನೆ," ಎಂದ ಮಾವ. "ಯಾರೋ ಹೆಂಗಸು ನಮ್ಮ ವಿದ್ಯೆ ಕದ್ದಿದಾಳಂತೆ."

"ಕದ್ದಿಲ್ಲ ಮಾವ. ಗಂಜಿ ತಂದುಕೊಟ್ಟು ಕಲಿತೆ."

ಸಾಲಿನಲ್ಲಿ ಒಬ್ಬ, "ಓಹೋ, ಕುರ್ಚಿ ವಿದ್ಯೆ!" ಎಂದು ಗೊಣಗಿದ. ಮಾವ ಅವನ ಕಡೆ ತಿರುಗಿದ. "ಹೌದು. ನಾನು ಕುರ್ಚಿಯಲ್ಲಿ ಕೂತಿದ್ದಾಗ ನೀನೆಲ್ಲಿದ್ದೆ? ಬಾ, ಇವಳ ಭುಜ ಹಿಡಿ."

ಅವನು ಹಿಡಿದ, ನೆಲಕ್ಕೆ ಬಂದ. ಇನ್ನೊಬ್ಬ ಬೆನ್ನ ಹಿಂದಿನಿಂದ ಹಿಡಿದ, ಅವನೂ ಬಂದ. ಮಾವ ಬಿಂಗ್‌ಕ್ವಾನನ ಪಟ್ಟಿ ಬಿಚ್ಚಿಸಿ ಎಲ್ಲರಿಗೂ ತೋರಿಸಿದ. ಊತವಿರಲಿಲ್ಲ. "ನೋಡ್ರೋ. ಕಟ್ಟೆಯಿಂದ ದೋಣಿವರೆಗೂ ಬೆರಳು ಹಿಡಿದು ನಡೆಸಿಕೊಂಡು ಹೋಗಿದಾಳೆ, ಒಂದು ನರ ಹರಿದಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಬರುತ್ತಾ?" ಆಮೇಲೆ ಅವನು ಬಿಂಗ್‌ಕ್ವಾನನಿಗೆ ಹೇಳಿದ: "ದೋಣಿ ಹತ್ತಿ ಹೆಣ್ಣು ಹಿಡಿಯೋಕೆ ಹೋದವನು ನನ್ನ ಅಂಗಳಕ್ಕೆ ಬೇಡ. ಹೋಗು."

ಯುನ್‌ಹಿಂಗಳಿಗೆ ಆಗ ಅವನನ್ನು ಕಂಡು ಮರುಕ ಹುಟ್ಟಿತು. "ಹೋಗೋದು ಬೇಡ ಮಾವ. ಆ ವ್ಯಾಪಾರಿ ಹತ್ರ ಇವರೇ ಹೋಗಿ, ಇನ್ನೊಂದ್ಸಲ ದೋಣಿ ಬಂದ್ರೆ ಕಟ್ಟೆ ಮೇಲೆ ಆ ಹೆಂಗಸರ ಜೊತೆ ನಾನೂ ನಿಂತಿರ್ತೀನಿ ಅಂತ ಹೇಳಿ ಬರಲಿ." ಬಿಂಗ್‌ಕ್ವಾನ್ ತಲೆ ಎತ್ತಿದ. ಹೋದ, ಹೇಳಿದ. ದೋಣಿ ಮತ್ತೆ ಬರಲಿಲ್ಲ. ಹೊಯ್‌ಟೊಂಗಳ ಅಣ್ಣ ಮಾತ್ರ ವರ್ಷಗಟ್ಟಲೆ ತಂಗಿಯ ಮುಖ ನೋಡಲಿಲ್ಲ. ಅವಳು ಅದಕ್ಕೂ ನಕ್ಕಳು, ಹಬ್ಬದ ದಿನಗಳಲ್ಲಿ ಅತ್ತಳು.

ಮಾವನ ಅಂಗಳ ಯುನ್‌ಹಿಂಗಳಿಗೆ ಆಮೇಲೂ ತೆರೆಯಲಿಲ್ಲ. ಅವಳು ಅದಕ್ಕೆ ಕಾಯಲೂ ಇಲ್ಲ. ಅಕ್ಕತಂಗಿಯರ ಮನೆಯ ಹಿಂದೆ, ಬಟ್ಟೆ ಒಣಹಾಕುವ ಅಂಗಳದಲ್ಲಿ, ಕಾರ್ಖಾನೆ ಬಿಟ್ಟ ಮೇಲೆ ಹೆಂಗಸರನ್ನು ಎದುರುಬದುರು ನಿಲ್ಲಿಸಿ ಕಲಿಸತೊಡಗಿದಳು. "ಶಕ್ತಿ ಹಾಕ್ಬೇಡ್ರೇ, ಎಳೆ ಬಿಚ್ಚೋ ಹಾಗೆ ಮಾಡಿ," ಎಂದರೆ ಅವರಿಗೆ ತಟ್ಟನೆ ಅರ್ಥವಾಗುತ್ತಿತ್ತು. ಮೂರನೇ ಅತ್ತೆ ಆ ವಯಸ್ಸಿನಲ್ಲಿ ಹೆಬ್ಬೆರಳ ಹಿಡಿತವೊಂದನ್ನು ಕಲಿತು, ತೂಕದಲ್ಲಿ ಮೋಸ ಮಾಡುತ್ತಿದ್ದ ಮೀನಿನವನ ಮೇಲೆ ಪ್ರಯೋಗ ಮಾಡಿದಳು. ಸಂಜೆ ದೋಣಿಗಟ್ಟೆಯಲ್ಲಿ ಕೂತು ಕಾರ್ಖಾನೆಯ ಹುಡುಗಿಯರನ್ನು ರೇಗಿಸುತ್ತಿದ್ದ ಪುಂಡರು ಬೇರೆ ಜಾಗ ಹುಡುಕಿಕೊಂಡರು.

ರೇಷ್ಮೆಯ ಬೆಲೆ ಬಿದ್ದು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಾಗ ಯುನ್‌ಹಿಂಗ್, ಹೊಯ್‌ಟೊಂಗ್ ಇಬ್ಬರೂ ಹಡಗು ಹತ್ತಿ ಸಿಂಗಪುರಕ್ಕೆ ಹೋದರು. ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡಿ, ಮಕ್ಕಳನ್ನು ಸಾಕಿ, ತಲೆ ನರೆತ ಮೇಲೆ ಊರಿಗೆ ಮರಳಿದರು. ಜೊತೆಯವರೆಲ್ಲ ಸೇರಿ ಕಟ್ಟಿಸಿದ ಮಹಡಿಮನೆಯಲ್ಲಿ ಕಾಲುವೆಯ ಕಡೆಗಿನ ಕೋಣೆಯನ್ನು ಹಂಚಿಕೊಂಡರು. ಯುನ್‌ಹಿಂಗಳ ಗೆಣ್ಣುಗಳು ಊದಿಕೊಂಡಿದ್ದವು. ಆದರೂ ಸಂಜೆಯಾದರೆ ಕೇರಿಯ ಸೊಸೆಯಂದಿರು ಅಂಗಳಕ್ಕೆ ಬರುತ್ತಿದ್ದರು.

ಒಂದು ಸಂಜೆ ಅವರಲ್ಲೊಬ್ಬಳು ಕೇಳಿದಳು: "ಅಜ್ಜಿ, ಇಷ್ಟು ವರ್ಷದಲ್ಲಿ ಯಾರದ್ದಾದ್ರೂ ಕೈ ನಿಜವಾಗ್ಲೂ ಮುರಿದಿದೀರಾ?"

"ಒಬ್ಬ ಕಳ್ಳಂದು. ಸಿಂಗಪುರದಲ್ಲಿ, ಅಡುಗೆಮನೆ ಬಾಗಿಲಲ್ಲಿ. ಚಾಕು ತೆಗೆದಿದ್ದ. ಹಿಡಿದು ನಿಲ್ಲಿಸಿದ್ರೂ ಚಾಕು ಬಿಡ್ಲಿಲ್ಲ."

"ಆಮೇಲೆ?"

"ಆಮೇಲೇನು, ಸೌದೆ ಸೀಳು ಕಟ್ಟಿ ಮೂಳೆ ಕೂಡಿಸಿ ಕಳಿಸ್ದೆ."

ಮೆಟ್ಟಿಲ ಮೇಲೆ ಕೂತು ಕುಂಬಳಬೀಜ ಸುಲಿಯುತ್ತಿದ್ದ ಹೊಯ್‌ಟೊಂಗ್ ಮೂಗು ಮುರಿದಳು. "ಕಟ್ಟುವಾಗ ಅವನು ಅಮ್ಮಾ ಅಪ್ಪಾ ಅಂತ ಅಳ್ತಾ ಇದ್ದ. ಅವನಿಗೆ ಚಹಾ ಮಾಡಿಕೊಟ್ಟಿದ್ದು ನಾನು, ಅದನ್ನ ಹೇಳಲ್ಲ ನೋಡು ಇವಳು."

"ನೀನು ಸಕ್ಕರೆ ಹಾಕಿ ಕೊಟ್ಟಿದ್ದೆ," ಎಂದಳು ಯುನ್‌ಹಿಂಗ್. "ಕಳ್ಳನಿಗೆ ಸಕ್ಕರೆ!" ಎಂದು, ಎದುರಿನವಳ ಮಣಿಕಟ್ಟನ್ನು ಹಿಡಿದು, "ಬಾರೇ, ನಿಧಾನಕ್ಕೆ ತಿರುಗು. ಇನ್ನೂ ನಿಧಾನ," ಎಂದಳು.