ಸವೆದ ನಟ್ಟು

ಬಬ್ಬೂರಿಗೆ ಕಬ್ಬು ಅರೆಯುವ ಕಬ್ಬಿಣದ ಗಾಣಗಳು ಹೊಸದಾಗಿ ಬಂದಾಗ, ಅವನ್ನು ರಿಪೇರಿ ಮಾಡುತ್ತಿದ್ದವರು ನಮ್ಮ ಪಕ್ಕದ ಮನೆಯ ಕಮ್ಮಾರರು. ನಟ್ಟಿನ ಮೇಲೆ ಹೆಬ್ಬೆರಳು ಆಡಿಸಿಯೇ ಅದಕ್ಕೆ ತಕ್ಕ ಪಾನಾ ಆರಿಸುತ್ತಿದ್ದರು. "ಪಾನಾ ನಟ್ಟನ್ನ ಕಚ್ಚಿದ್ರೆ ಸಾಲ್ದಪ್ಪ, ಕುಂತ್ಕಬೇಕು" ಎನ್ನುತ್ತಿದ್ದರು.

ಒಮ್ಮೆ ಅವರಿಗೆ ಕಾಯದೆ, ದೊಡ್ಡ ಪಾನಾದ ಬಾಯಿಗೆ ತಗಡು ತುರುಕಿ ನಾನೇ ನಮ್ಮ ಗಾಣದ ನಟ್ಟು ಬಿಗಿದೆ. ಅದರ ಮೂಲೆಗಳು ಸವೆದವು. ಯಾರಿಗೂ ಹೇಳಲಿಲ್ಲ.

ವಾರದೊಳಗೆ, ಕಬ್ಬು ಹೇಗೆ ಕೊಡಬೇಕೆಂದು ನನಗೆ ತೋರಿಸುತ್ತಿದ್ದ ಅವರ ಎಡಗೈ ಅದೇ ಗಾಣದ ಉರುಳೆಗಳ ನಡುವೆ ಸಿಕ್ಕಿತು. ಎತ್ತು ನಿಲ್ಲಿಸಿ, ಉರುಳೆ ಸಡಿಲಿಸಲು ಆ ನಟ್ಟಿಗೆ ಅವರು ಹೇಳಿದ ಪಾನಾ ಹಾಕಿದೆ. ಜಾರಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಅವರು ಬಲಗೈಯ ಹೆಬ್ಬೆರಳನ್ನು ನಟ್ಟಿನ ಮೇಲೆ ಆಡಿಸಿದರು.

"ತಗಡು ತುರುಕಿದ್ದೇನ್ಲೇ?"

ಹೂಂ ಎಂದೆ.

ಕೈ ಬಿಡಿಸಲು ತುಂಬ ಹೊತ್ತು ಹಿಡಿಯಿತು. ಗಾಯ ಕೊಳೆತು ಅವರು ತೀರಿಕೊಂಡರು. ಪಾನಾಗಳ ಚೀಲವನ್ನು ಅವರ ಹೆಂಡತಿ ನನಗೇ ಕೊಟ್ಟರು.

"ನಟ್ಟು ಹಳೇದಾಗಿತ್ತು, ಯಾರ್ದೂ ತಪ್ಪಿಲ್ಲ ಅಂದ್ರಪ್ಪ ಅವ್ರು."

ಅದು ಆ ಸುಗ್ಗಿಗೆ ಅವರೇ ಹಾಕಿದ್ದ ಹೊಸ ನಟ್ಟು.