ತೆಳು ಮಾಡದೆ ನೋಡಿದ ರಕ್ತ

ಟೈಲರಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇರಲಿಲ್ಲ. ಅಳತೆ ಕೊಡುವಾಗ ಮೇಷ್ಟ್ರು ಉಸಿರು ಹಿಡಿದು ನಿಂತರೆ, "ಹೊಟ್ಟೆ ಬಿಡಿ ಸಾರ್, ಆಮೇಲೆ ಗುಂಡಿ ಕಿತ್ತುಹೋದ್ರೆ ನನ್ನ ಬೈಬೇಡಿ" ಅನ್ನುವವಳು. ಅಂಥವಳು ಆರು ತಿಂಗಳ ಬಸುರಿಯಾಗಿದ್ದಾಗ ಅಂಗೈ ಅಂಗಾಲಲ್ಲೆಲ್ಲ ಕೆಂಪು ಕಲೆ ಎದ್ದವು. ಹೊಟ್ಟೆಯ ಕೂಸಿಗೆ ಏನಾಗುವುದೋ ಎಂಬ ದಿಗಿಲಿಗೆ ಬಾಯಿ ಕಟ್ಟಿಹೋಯಿತು.

ಅತ್ತೆ ಬಿಡಬೇಕಲ್ಲ! "ಆ ಬಣ್ಣದ ಬಟ್ಟೆ ಮುಟ್ಟಬೇಡ ಅಂದ್ರೆ ಕೇಳಿದ್ಯಾ? ಮಗೂಗೆ ಏನಾದ್ರೂ ಆದ್ರೆ ನೀನೇ ಹೊಣೆ." ಲಾರಿ ಓಡಿಸುವ ಗಂಡ ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಸುಮ್ಮನೆ ಅಲ್ಲ.

ಡಾಕ್ಟರಮ್ಮ ಅಂಗೈ ನೋಡಿದವರೇ ಸಿಫಿಲಿಸ್ ಎಂಬ ಲೈಂಗಿಕ ರೋಗ ಇರಬಹುದು ಎಂದು ರಕ್ತ ಪರೀಕ್ಷೆಗೆ ಬರೆದರು. ಬೀದಿ ಕೊನೆಯ ಲ್ಯಾಬು 'ನೆಗೆಟಿವ್' ಎಂದಿತು. ಡಾಕ್ಟರಮ್ಮ ಆ ಚೀಟಿಯನ್ನು ನಂಬದೆ ಲ್ಯಾಬಿಗೇ ಫೋನು ಹಚ್ಚಿದರು.

"ರಕ್ತಾನ ಉಪ್ಪುನೀರು ಬೆರೆಸಿ ತೆಳು ಮಾಡಿ ನೋಡಿದ್ರಾ?"

"ಇಲ್ಲ ಮೇಡಂ. ಮೊದಲ್ನೇ ಸಲ ನೆಗೆಟಿವ್ ಬಂದ್ರೆ ಅಲ್ಲಿಗೇ ಬಿಡ್ತೀವಿ. ನಮ್ಮಲ್ಲಿ ಮೊದ್ಲಿಂದ ಹಾಗೇ."

ಅದೇ ರಕ್ತವನ್ನು ತೆಳು ಮಾಡಿ ನೋಡಿದರೆ ರೋಗ ಎದ್ದು ಕಂಡಿತು. "ಕಲೆ ಏಳೋ ಹಂತದಲ್ಲಿ ರೋಗದ ಗುರುತು ರಕ್ತದಲ್ಲಿ ವಿಪರೀತ ಇರುತ್ತಮ್ಮ. ಅತಿಯಾದ್ರೆ ಒಂದೊಂದ್ಸಲ ಈ ಟೆಸ್ಟೇ ತಪ್ಪಿಹೋಗುತ್ತೆ, ತೆಳು ಮಾಡಿದ್ರೇನೇ ಸಿಗೋದು" ಎಂದರು ಡಾಕ್ಟರಮ್ಮ. ಗಂಡನನ್ನೂ ಕರೆಸಿದರು.

ಯಾರೂ ಕೇಳುವ ಮೊದಲೇ ಅವನು, "ನಂಗೇನಿಲ್ಲ, ನಾನಾಗ್ಲೇ ಟೆಸ್ಟ್ ಮಾಡಿಸಿದ್ದೆ" ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ!

"ಯಾಕೆ ಮಾಡಿಸಿದ್ರಿ?"

"ಒಂದು ಹುಣ್ಣಾಗಿತ್ತು... ನೋವೇನೂ ಇರ್ಲಿಲ್ಲ. ಎದ್ದ ವಾರಾನೇ ಇದೇ ಲ್ಯಾಬಿಗೆ ಹೋದೆ. ಏನಿಲ್ಲ ಅಂದ್ರು. ಹುಣ್ಣೂ ತಾನಾಗೇ ಮಾಯ್ತು."

"ಹುಣ್ಣು ಹೊಸದಿದ್ದಾಗ ರಕ್ತಕ್ಕೆ ಇನ್ನೂ ಸುದ್ದೀನೇ ಮುಟ್ಟಿರಲ್ಲಪ್ಪ. ಹುಣ್ಣಿನ ನೀರನ್ನೇ ಪರೀಕ್ಷೆ ಮಾಡ್ಬೇಕಿತ್ತು, ಕೆಲವು ವಾರ ಬಿಟ್ಟು ರಕ್ತಾನೂ ಮತ್ತೆ ನೋಡ್ಬೇಕಿತ್ತು."

ಟೈಲರಕ್ಕನ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಹೊರಗೆ ಹೋಗಿ ತಂದವನು ಗಂಡ, ಒಂದೇ ಮನೆಯ ಇಬ್ಬರ ವಿಷಯದಲ್ಲೂ ಕುರುಡಾದದ್ದು ಲ್ಯಾಬು, ಬೈಸಿಕೊಂಡವಳು ಇವಳು, ಏನೂ ಅರಿಯದೆ ಒಳಗೆ ಒದೆಯುತ್ತಿದ್ದದ್ದು ಕೂಸು. ಅವಳ ಕಣ್ಣೀರು ಕಂಡು ಜೊತೆಗೆ ಬಂದಿದ್ದ ಅತ್ತೆಯೂ ಮಗನ ಕಡೆ ತಿರುಗಿದರು. "ಮೊದ್ಲು ಇವನಿಗೆ ಚುಚ್ಚಿ ಡಾಕ್ಟ್ರೇ. ಸೂಜಿ ದಪ್ಪದ್ದೇ ಇರ್ಲಿ."

ಇಬ್ಬರಿಗೂ ಪೆನ್ಸಿಲಿನ್ ಆಯಿತು. ಹೆರಿಗೆಗೆ ಇನ್ನೂ ಸಮಯವಿದೆ, ಮಗು ಉಳಿಯುವ ಭರವಸೆ ಇದೆ ಎಂದರು ಡಾಕ್ಟರಮ್ಮ.

ಚುಚ್ಚಿದ ನೋವಿಗೆ ಕುಂಟುತ್ತಲೇ ಅವಳು ನೇರ ಲ್ಯಾಬಿಗೆ ಹೋದಳು. ಕೌಂಟರಿನವನು ಮುಖ ನೋಡಿದೊಡನೆ ಎದ್ದು ನಿಂತು, "ತಪ್ಪಾಯ್ತಕ್ಕ. ಮುಂದಿನ ಟೆಸ್ಟೆಲ್ಲ ನಿಮಗೆ ಫ್ರೀ" ಎಂದ.

ಬೆಂಚಿನ ಮೇಲೆ ಒಬ್ಬಳು ಬಸುರಿ ತೋಳು ಮಡಚಿ, ಹತ್ತಿ ಒತ್ತಿ ಹಿಡಿದು ಕೂತಿದ್ದಳು. ಟೈಲರಕ್ಕ ಹೋಗಿ ಅವಳ ಪಕ್ಕದಲ್ಲೇ ಕೂತಳು.

"ನಂದಿರ್ಲಿ. ಈ ಹುಡುಗೀದು ತೆಳು ಮಾಡಿ ನೋಡು. ನೀನು ಮುಗಿಸೋವರೆಗೂ ನಾನು ಇಲ್ಲಿಂದ ಏಳಲ್ಲ."