ಡೆನ್ವರ್ ಕೋವಿ ಆರಿಸಿದ್ದು

ನನ್ನ ಗೆಳೆಯ ಡೆನ್ವರ್ ಕೋಗರ್ ಹೋದ ಫೆಬ್ರವರಿಯಲ್ಲಿ ತೀರಿಕೊಂಡ. ಕನಾವಾ ನದಿಯಲ್ಲಿ ಕಲ್ಲಿದ್ದಲಿನ ದೋಣಿಗಳನ್ನು ತಳ್ಳಿಕೊಂಡು ಹೋಗುವ ಹಡಗೊಂದರಲ್ಲಿ ಅವನು ಅಡುಗೆಯವನು. ಬೆಳಗಿನ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದವನು ನಿಂತಲ್ಲೇ ಕುಸಿದನಂತೆ. ಇಗರ್ಜಿಯಲ್ಲಿ ಪಾದ್ರಿಗಳು ಅವನನ್ನು ಧೀರ, ಉದಾರಿ, ಯಾವುದನ್ನೂ ಅಳೆದು ತೂಗಿ ಮಾಡುವವನು ಎಂದು ಹೊಗಳಿದರು. ಅಳೆದು ತೂಗುತ್ತಿದ್ದದ್ದು ನಿಜ. ಉಳಿದೆರಡರ ಬಗ್ಗೆ ನಮ್ಮ ಸ್ಲೇಟ್ ಕಣಿವೆಯಲ್ಲಿ ಯಾರನ್ನು ಕೇಳಿದರೂ ಮೊದಲು ನಗುತ್ತಾರೆ, ಆಮೇಲೆ ಮಾತಾಡುತ್ತಾರೆ. ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ಆದರೆ ಬರೀ ಹೊಗಳಿದರೆ ಅದು ಡೆನ್ವರ್ ಎಂದು ನನಗೇ ಗುರುತು ಸಿಗುವುದಿಲ್ಲ. ಅದಕ್ಕೇ ಅವನು ಮನೆಗೊಂದು ಕೋವಿ ಆರಿಸಿದ ಕತೆ ಹೇಳುತ್ತೇನೆ.

ವೆಸ್ಟ್ ವರ್ಜೀನಿಯಾದ ನಮ್ಮ ಕಡೆ ಮನೆಯಲ್ಲಿ ಕೋವಿ ಇಲ್ಲ ಎಂದರೆ ಉಪ್ಪಿಲ್ಲ ಎಂದಷ್ಟೇ ವಿಚಿತ್ರ. ಡೆನ್ವರನ ಮನೆಯಲ್ಲೂ ಅವನಪ್ಪನ ಜಿಂಕೆ ರೈಫಲ್ ಇತ್ತು. ಆದರೆ ಅದರ ಗುಂಡು ಕಳ್ಳನನ್ನು ತಪ್ಪಿಸಿಕೊಂಡು, ಗೋಡೆ ತೂರಿ, ಹಳ್ಳದಾಚೆ ಟಿವಿ ನೋಡುತ್ತ ಕೂತ ನೆರೆಯವರನ್ನು ಹುಡುಕಿಕೊಂಡು ಹೋಗುವಂಥದ್ದು. ಮನೆ ಕಾಯಲು ಬೇಕಾದದ್ದು ಸೀಸದ ಸಣ್ಣ ಚಿಲ್ಲುಗಳನ್ನು ಹಾರಿಸುವ ತೋಟಾಕೋವಿ.

ಅದು ಬೇಕಾಗಿದ್ದದ್ದು ಅವನ ಹೆಂಡತಿ ಒಲಿಟಾಳಿಗೆ. ಡೆನ್ವರ್ ವಾರಗಟ್ಟಲೆ ನದಿಯ ಮೇಲೆ ಇರುತ್ತಿದ್ದ. ಒಂದು ವರ್ಷ ಎಲೆ ಉದುರುವ ಕಾಲದಲ್ಲಿ ಯಾರೋ ಹಿಂದಿನ ಜಗುಲಿಗೆ ಬಂದು ಮರ ಕೊಯ್ಯುವ ಯಂತ್ರವನ್ನೂ ಫ್ರೀಜರಿನಲ್ಲಿದ್ದ ಜಿಂಕೆ ಮಾಂಸವನ್ನೂ ಹೊತ್ತೊಯ್ದರು. ಒಲಿಟಾ ಆಗ ಅಡುಗೆಮನೆಯಲ್ಲಿ, ಒಂದೇ ಒಂದು ಬಾಗಿಲಿನ ಈಚೆ, ಉಸಿರು ಬಿಗಿಹಿಡಿದು ನಿಂತಿದ್ದಳು. ಹೋಗುವ ಮುಂಚೆ ಅವರು ಬಾಗಿಲಿನ ಹಿಡಿಯನ್ನೊಮ್ಮೆ ತಿರುವಿ ನೋಡಿದ್ದರು. ಷರೀಫರ ಪೊಲೀಸ್ ಕಾರು ಗುಡ್ಡ ಹತ್ತಿ ಬರುವಷ್ಟರಲ್ಲಿ ಕಳ್ಳರು ಆ ಮಾಂಸವನ್ನು ಬೇಯಿಸಿ ತಿನ್ನಬಹುದಿತ್ತು. ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಭಾನುವಾರ ಇಗರ್ಜಿಯಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಎರಡು ಸಲ ಒಲೆಯ ಮೇಲೆ ಪಾತ್ರೆ ಸುಟ್ಟಳು.

ಡೆನ್ವರ್ ಹಡಗು ಇಳಿದು ಬಂದಾಗ ನಾನೂ ಅಲ್ಲಿದ್ದೆ. ಅವಳು ಸುತ್ತಿಬಳಸದೆ ಹೇಳಿದಳು.

"ನೋಡು ಡೆನ್ವರ್, ನಾನೊಬ್ಬಳೇ ಇದ್ದಾಗ ಈ ಮನೇಲಿ ಕಣ್ಣು ಮುಚ್ಚೋ ಹಾಗೆ ಏನಾದ್ರೂ ಮಾಡು. ಆಗ್ಲಿಲ್ವಾ, ಬೇಸಿಗೆ ಹೊತ್ತಿಗೆ ನಾನು ಮ್ಯಾಕ್ಸೀನ್ ಹತ್ರ ಹೋಗ್ತೀನಿ. ನೀನು ಹಡಗು ಇಳಿದು ಅಲ್ಲಿಗೇ ಬಾ."

ಮ್ಯಾಕ್ಸೀನ್ ಅವಳ ಅಕ್ಕ. ಪಾರ್ಕರ್ಸ್‌ಬರ್ಗ್ ಪಟ್ಟಣದಲ್ಲಿ ಲಿಫ್ಟ್ ಇರುವ ಕಟ್ಟಡದಲ್ಲಿ ವಾಸ. ಅಲ್ಲಿ ಈರುಳ್ಳಿ ಹುರಿದರೂ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ ಎಂದು ಡೆನ್ವರ್ ದೂರುತ್ತಿದ್ದ. ಒಲಿಟಾಳಿಗೂ ಹೋಗುವ ಮನಸ್ಸಿರಲಿಲ್ಲ. ಅವಳ ಹುರುಳಿಕಾಯಿ ಪಾತಿ, ಕೋಳಿಗಳು, ಅವಳಮ್ಮನ ಗೋರಿ, ಎಲ್ಲ ಈ ಕಣಿವೆಯಲ್ಲೇ. ಆದರೆ ನಿದ್ದೆಗೆಟ್ಟವರಿಗೆ ಯಾವ ಊರಾದರೇನು.

ಡೆನ್ವರ್ ಅಂದೇ ಕೋವಿ ಹುಡುಕಲು ಶುರು ಮಾಡಿದ. ಶುರು ಮಾಡುವುದರಲ್ಲಿ ಅವನು ಯಾವತ್ತೂ ತಡ ಮಾಡಿದವನಲ್ಲ.

ಲೂಥರ್ ಟಕೆಟ್‌ನ ಅಂಗಡಿ ಅರ್ಧ ಗಿರವಿಯದು, ಅರ್ಧ ಕೋವಿಯದು. ಕೆಲಸವಿಲ್ಲದ ಗಂಡಸರು ಪೆಪ್ಪರೋನಿ ರೋಲ್ ತಿನ್ನುತ್ತ, ಕಾಫಿ ಕುಡಿಯುತ್ತ ಅಲ್ಲಿ ದಿನ ನೂಕುತ್ತಾರೆ. ಇನ್ನೂರು ಡಾಲರಿಗಿಂತ ಒಂದು ಕಾಸು ಹೆಚ್ಚು ಕೊಡುವುದಿಲ್ಲ ಎಂದು ಡೆನ್ವರ್ ಮೊದಲೇ ಸಾರಿದ್ದ. ಒಬ್ಬ ಜೋಡುನಳಿಗೆಯೇ ಸರಿ ಎಂದ. ಇನ್ನೊಬ್ಬ, ಒಂಟಿನಳಿಗೆಯಷ್ಟು ಅಗ್ಗದ್ದು, ಕೆಡದೇ ಇರುವುದು ಬೇರೆ ಇಲ್ಲ ಎಂದ. ಮೂರನೆಯವನು, ಒಂದೇ ತೋಟಾ ಇಟ್ಟುಕೊಂಡು ಗುರಿ ತಪ್ಪಿದರೆ ಕಳ್ಳನಿಗೆ ಕಾಫಿ ಕೊಡಬೇಕಾಗುತ್ತದೆ ಎಂದ. ಡೆನ್ವರ್ ಎಲ್ಲರಿಗೂ ತಲೆಯಾಡಿಸುತ್ತಿದ್ದ. ಒಂದೊಂದನ್ನೂ ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ, ಗಾಜಿನ ಕಪಾಟಿನಲ್ಲಿ ತನ್ನ ಪ್ರತಿಬಿಂಬ ನೋಡಿಕೊಳ್ಳುತ್ತಿದ್ದ. ಮದುಮಗನೊಬ್ಬ ಕೋಟು ಆರಿಸಿದ ಹಾಗೆ.

"ಲೂಥರ್, ಇದಕ್ಕೆಷ್ಟು?"

"ಹೋದ ವಾರ ಕೇಳಿದಾಗ ಎಷ್ಟಿತ್ತೋ ಅಷ್ಟೇ."

"ಇಳಿದಿರಬಹುದು ಅಂದ್ಕೊಂಡೆ."

"ನೀನು ಮುಟ್ಟಿ ಮುಟ್ಟಿ ಬಣ್ಣ ಇಳಿದಿದೆ. ಬೆಲೆ ಇಳಿದಿಲ್ಲ."

ಚಳಿಗಾಲ ಕಳೆಯಿತು. ನಡುವೆ ಅವನು ಹಡಗಿಗೆ ಹೋಗಿ ಬಂದ, ಮತ್ತೆ ಹೋಗಿ ಬಂದ. ನದಿಯ ಮೇಲಿಂದಲೂ ಲೂಥರನಿಗೆ ಫೋನು. ಮನೆಗೆ ಬಂದರೆ ಊಟದ ಮೇಜಿನಲ್ಲಿ ಅದೇ ಪಾಠ.

"ಹನ್ನೆರಡರ ಕೋವಿ ದೊಡ್ಡದು, ಇಪ್ಪತ್ತರದ್ದು ಸಣ್ಣದು ಒಲಿಟಾ. ಅಂಕಿ ಹೆಚ್ಚಾದಷ್ಟೂ ನಳಿಗೆ ಬಾಯಿ ಚಿಕ್ಕದು."

"ಇದನ್ನ ಕಂಡುಹಿಡಿದೋನು ಗಂಡಸೇ ಇರಬೇಕು."

"ಹನ್ನೆರಡರದ್ದೇ ತಗೊಳ್ಳೋದು. ಪಂಪ್ ಕೋವಿ. ನಳಿಗೆ ಕೆಳಗಿನ ಹಿಡಿ ಹಿಂದಕ್ಕೆಳೆದು ಮುಂದಕ್ಕೆ ದೂಡಿದ್ರೆ ತೋಟಾ ಒಳಗೆ. ಕ್ರಚ್-ಕ್ರಚಕ್! ಆ ಸದ್ದು ಕೇಳಿದ್ರೆ ಸಾಕು, ಕಳ್ಳ ಚಡ್ಡಿ ಒದ್ದೆ ಮಾಡ್ಕೊಂಡು ಓಡ್ತಾನೆ."

ಇದು ನಮ್ಮ ಕಡೆಯ ಗಂಡಸರೆಲ್ಲರ ದೃಢ ನಂಬಿಕೆ. ಹಾಗೆ ಓಡಿದ ಕಳ್ಳನನ್ನು ಕಂಡವರು ಯಾರೂ ಇಲ್ಲ. ಕಂಡವರ ಭಾವಮೈದುನನನ್ನು ಬಲ್ಲವರು ಬೇಕಾದಷ್ಟು ಜನ ಇದ್ದಾರೆ.

"ಸದ್ದು ಸಾಕಾ?" ಎಂದಳು ಒಲಿಟಾ. "ಹಾಗಾದ್ರೆ ನೀನು ಈಗ ಬಾಯಲ್ಲಿ ಮಾಡಿದ್ಯಲ್ಲ, ಅದನ್ನೇ ಟೇಪ್ ಮಾಡಿಟ್ಟು ಹೋಗು. ಅದಕ್ಕಿಂತ ಅಗ್ಗದ್ದು ಇನ್ನೇನು ಸಿಗುತ್ತೆ ನಿಂಗೆ?"

ಡೆನ್ವರ್ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀನು ಇಷ್ಟು ವರ್ಷ ಚರಿತ್ರೆ ಪಾಠ ಮಾಡಿದೋನು. ಹೆಂಡತಿ ಮಾತು ಕೇಳಿ ಯುದ್ಧ ಗೆದ್ದ ದಂಡನಾಯಕ ಯಾರಾದ್ರೂ ಇದಾನಾ?" ಎಂದ.

"ಕೇಳದೆ ಸೋತೋರ ಪಟ್ಟಿ ಬೇಕಾದ್ರೆ ಕೊಡ್ತೀನಿ" ಎಂದೆ.

ಏಪ್ರಿಲ್‌ನಲ್ಲಿ, ಕಾಡು ಬೆಳ್ಳುಳ್ಳಿ ಸೊಪ್ಪಿನ ವಾಸನೆ ಇಡೀ ಕಣಿವೆಯನ್ನು ತುಂಬಿದ್ದ ಒಂದು ಶನಿವಾರ, ಅವನು ಕೊನೆಗೂ ಕೋವಿ ತಂದ. ಹಳೆಯ ಹನ್ನೆರಡರ ಪಂಪ್. ಉದ್ದ ನಳಿಗೆ, ವಾಲ್ನಟ್ ಮರದ ಹಿಡಿ, ಎತ್ತಿದರೆ ಎಳೆಗರುವಿನ ಭಾರ. ಇನ್ನೂರಕ್ಕಿಂತ ಕೆಳಗೇ ಲೂಥರನನ್ನು ಇಳಿಸಿದ್ದ. ಇಳಿಸಿದ್ದನ್ನು ಅಂದೇ ಊರೆಲ್ಲ ಹೇಳಿಕೊಂಡು ತಿರುಗಿದ.

ಮರುದಿನ ಇಗರ್ಜಿ ಮುಗಿಸಿ ಮನೆಯ ಹಿಂದಿನ ಗುಡ್ಡದ ಬುಡದಲ್ಲಿ ಪ್ಲಾಸ್ಟಿಕ್ಕಿನ ಖಾಲಿ ಹಾಲಿನ ಕ್ಯಾನುಗಳಿಗೆ ನೀರು ತುಂಬಿ ಸಾಲಾಗಿ ಇಟ್ಟೆವು. ಡೆನ್ವರ್ ಆರಡಿ ದಾಟಿದ ಆಳು. ಅವನು ಹಾರಿಸಿದರೆ ಕ್ಯಾನು ಚಿಂದಿ. ಒಲಿಟಾ ಕಷ್ಟದಲ್ಲಿ ಐದಡಿ. ಕೋವಿಯ ಹಿಂಬದಿಯ ಮರ ಅವಳ ಹೆಗಲನ್ನು ದಾಟಿ ತೋಳಿಗೆ ಬಂದು ಕೂತಿತು. ಮುಂದಿನ ಹಿಡಿ ಬೆರಳ ತುದಿಗಷ್ಟೇ ಸಿಕ್ಕಿತು. ಅದನ್ನು ಹಿಂದಕ್ಕೆಳೆಯಲು ಕೋವಿಯನ್ನು ತೊಡೆಗೆ ಒತ್ತಿ ಎರಡು ಸಲ ಹೆಣಗಿದಳು. ಆಮೇಲೆ ಗುರಿಯಿಟ್ಟು ಕೋವಿಯ ಕುದುರೆಯನ್ನು ಬೆರಳಿಂದ ಎಳೆದಳು. ಗುಡ್ಡ ಗುಡುಗಿತು. ಕ್ಯಾನು ನಿಂತೇ ಇತ್ತು. ಒಲಿಟಾ ಹುರುಳಿಕಾಯಿ ಪಾತಿಯಲ್ಲಿ ಕೂತಿದ್ದಳು.

"ಹೆಂಗಿದೆ?" ಎಂದ ಡೆನ್ವರ್, ಇನ್ನೂ ಸಂಭ್ರಮದಲ್ಲೇ.

"ಚೆನ್ನಾಗಿದೆ ಕಣೋ. ಕಳ್ಳ ಬಂದ್ರೆ ಅವನ ಕೈಗೇ ಕೊಡ್ತೀನಿ. ಹಾರಿಸಿ ಅವನೇ ಬೀಳಲಿ."

ಅವಳು ಮಣ್ಣು ಕೊಡವಿಕೊಂಡು ಒಳಗೆ ಹೋದಳು. ನಾವಿಬ್ಬರೂ ನಕ್ಕೆವು. ಸಂಜೆ ಡೆನ್ವರ್ ನಮ್ಮ ಮನೆಗೆ ಬಂದ. ಮುಖದಲ್ಲಿ ನಗುವಿರಲಿಲ್ಲ.

"ಮೇಷ್ಟ್ರೇ, ಅಟ್ಟದಿಂದ ಸೂಟ್‌ಕೇಸ್ ಇಳಿಸಿದಾಳೆ. ಹೆಗಲು ಬದನೆಕಾಯಿ ಬಣ್ಣ ಆಗಿದೆ. ಬೈಯಲೂ ಇಲ್ಲ. ಬೈದಿದ್ರೆ ಪರವಾಗಿರಲಿಲ್ಲ."

ಅವನ ಜತೆ ಹೋದೆ. ಅಡುಗೆಮನೆಯಲ್ಲಿ ಒಲಿಟಾ ಬಟ್ಟೆ ಮಡಚುತ್ತಿದ್ದಳು. ಮೆಕ್ಕೆಜೋಳದ ರೊಟ್ಟಿ, ಬೇಯಿಸಿದ ಕಾಳು ಮೇಜಿನ ಮೇಲಿದ್ದವು. ಕೋಪದಲ್ಲೂ ಅಡುಗೆ ಬಿಟ್ಟಿರಲಿಲ್ಲ.

"ಬೇರೆ ತೋಟಾ ತರ್ತೀನಿ, ಮೆದುವಾಗಿ ಒದೆಯೋದು," ಎಂದ ಡೆನ್ವರ್. "ಹೆಗಲಿಗೆ ರಬ್ಬರ್ ದಿಂಬು ಸಿಗುತ್ತೆ. ರೂಢಿ ಆಗುತ್ತೆ ಕಣೆ."

ಒಲಿಟಾ ಮಡಚುವುದು ನಿಲ್ಲಿಸಿದಳು. "ಹಡಗಲ್ಲಿ ಬೇರೆಯೋರ ಚಾಕು ಮುಟ್ತೀಯಾ ನೀನು?"

"ಅದ್ಯಾಕೆ ಈಗ?"

"ಮುಟ್ತೀಯಾ?"

"ಇಲ್ಲ. ಕೈಗೆ ಕೂರಲ್ಲ."

"ಈರುಳ್ಳಿ ಹೆಚ್ಚೋಕೆ ನಿನ್ನ ಕೈ ಅಳತೆ ಚಾಕು ಬೇಕು. ಪ್ರಾಣ ಉಳಿಸ್ಕೊಳ್ಳೋಕೆ ನಂಗೆ ನಿನ್ನ ಅಳತೆ ಕೋವಿ. ಚಳಿಗಾಲ ಪೂರ್ತಿ ಆ ಅಂಗಡೀಲಿ ಗಾಜು ನೋಡ್ಕೊಂಡು ನಿಂತಿದ್ಯಲ್ಲ, ನನ್ನನ್ನ ಒಂದು ದಿನ ಕರ್ಕೊಂಡು ಹೋದ್ಯಾ? ನೀನು ಮನೇಲಿ ಇದ್ರೆ ಕೋವಿನೇ ಬೇಕಾಗಿಲ್ಲ ಡೆನ್ವರ್. ನೀನು ಇಲ್ಲದಾಗ ಬೇಕು. ನೀನು ಇಲ್ಲದಾಗ ಅದನ್ನ ಹಿಡಿಯೋರು ಯಾರು?"

ನಾನು ರೊಟ್ಟಿ ಮುರಿಯುವುದರಲ್ಲಿ ಮಗ್ನನಾದೆ. ಇದು ಅವನೊಬ್ಬನ ತಪ್ಪಲ್ಲ. ನಮ್ಮ ಕಣಿವೆಯ ಎಷ್ಟೋ ಮನೆಗಳಲ್ಲಿ ಹೆಂಗಸರಿಗೆಂದು ತಂದ ಕೋವಿಗಳು ಗಂಡಸರ ಹೆಗಲಿಗೆ ಹೇಳಿ ಮಾಡಿಸಿದಂತೆ ಕೂರುತ್ತವೆ.

ಮರುದಿನ ಮೂವರೂ ಲೂಥರನ ಅಂಗಡಿಗೆ ಹೋದೆವು. ಕಾಫಿ ಕುಡಿಯುತ್ತಿದ್ದ ಗಂಡಸರು ಅವಳಿಗೆ ದಾರಿ ಬಿಟ್ಟರು. ಆಮೇಲೆ ಕೋವಿಯ ವಿಷಯವನ್ನೆಲ್ಲ ಡೆನ್ವರನಿಗೇ ಹೇಳತೊಡಗಿದರು.

"ಕೊಳ್ತಿರೋಳು ನಾನು," ಎಂದಳು ಒಲಿಟಾ. "ಇವನು ಡ್ರೈವರ್."

ಏಳೆಂಟು ಎತ್ತಿ ನೋಡಿ ಕೆಳಗಿಟ್ಟಳು. ಕೊನೆಗೆ ಮೂಲೆಯಲ್ಲಿದ್ದ ಒಂದನ್ನು ಎತ್ತಿ ಹೆಗಲಿಗಿಟ್ಟಳು, ಹಿಡಿ ಎಳೆದು ದೂಡಿದಳು. ಸರಾಗವಾಗಿ ಬಂತು. ಇಪ್ಪತ್ತರ ಪಂಪ್, ಗಿಡ್ಡ ಮರ, ಗಿಡ್ಡ ನಳಿಗೆ.

"ಇದು."

ಲೂಥರ್ ಕೆಮ್ಮಿದ. "ಒಲಿಟಾ, ಅದು ಮಕ್ಕಳದು. ಮೊದಲ ಬೇಟೆಗೆ ಅಂತ ಕೊಡಿಸ್ತಾರೆ. ಯಾರದೋ ಮನೆ ಹುಡುಗ ಬೆಳೆದ, ಮಾರಿ ಹೋದ್ರು."

ನಿಜವೇ. ಹಿಂಬದಿಯ ಮರದಲ್ಲಿ ಯಾವುದೋ ಹುಡುಗ ಮೊಳೆಯಿಂದ 'ಟ್ಯಾನರ್' ಎಂದು ತನ್ನ ಹೆಸರು ಕೆತ್ತಿದ್ದ.

"ಕಳ್ಳನಿಗೆ ಹೆಸರು ಓದೋಕೆ ಟೈಮ್ ಇರುತ್ತಾ?" ಎಂದಳು ಒಲಿಟಾ.

ಡೆನ್ವರನ ಕಿವಿ ಕೆಂಪಾಗಿತ್ತು. ಅವನು ನನ್ನನ್ನು ಪಕ್ಕಕ್ಕೆಳೆದು ಪಿಸುಗುಟ್ಟಿದ: "ಬೇರೆ ಯಾವುದಾದ್ರೂ ಆಗಲಿ, ಐವತ್ತು ಹೆಚ್ಚೇ ಕೊಡ್ತೀನಿ." ಡೆನ್ವರ್ ಕೋಗರ್ ತಾನಾಗಿ ಹೆಚ್ಚು ಕೊಡುತ್ತೇನೆ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಒಲಿಟಾ ಅದನ್ನೂ ಬೇಡವೆಂದಳು. ಅವನು ತನ್ನ ವಾಲ್ನಟ್ ಮರದ ಸುಂದರಿಯನ್ನು ಕೌಂಟರಿನ ಮೇಲಿಟ್ಟು, ಒಮ್ಮೆ ಸವರಿ, ಬದಲಿಗೆ ಮಕ್ಕಳ ಕೋವಿ ತೆಗೆದುಕೊಂಡ. ಲೂಥರ್ ಅದರ ಜತೆಗೆ ಎರಡು ಪೆಟ್ಟಿಗೆ ತೋಟಾ ಕೊಟ್ಟ. ಅಂಗಡಿಯ ಗಂಡಸರ ಬಾಯಿಗೆ ಆ ಬೇಸಿಗೆ ಪೂರ್ತಿ ಅದೇ ಊಟ.

"ಡೆನ್ವರ್, ಬೇಜಾರು ಮಾಡ್ಕೋಬೇಡ, ಬರೋ ವರ್ಷಕ್ಕೆ ನಿನ್ನ ಹೆಂಡ್ತಿ ಬೆಳೀತಾಳೆ. ಆಗ ದೊಡ್ಡದು ಕೊಡಿಸು."

ಡೆನ್ವರ್ ಹಡಗಿಗೆ ಹೋಗುವ ಮುಂಚಿನ ದಿನಗಳಲ್ಲಿ ಪ್ರತಿ ಸಂಜೆ ಅವಳ ಪಕ್ಕ ನಿಂತು ಕ್ಯಾನು ಜೋಡಿಸುತ್ತಿದ್ದ. ಅವಳು ಬೀಳಲಿಲ್ಲ. ಕ್ಯಾನುಗಳು ಬಿದ್ದವು. ಸೂಟ್‌ಕೇಸ್ ಮಾತ್ರ ಹಾಸಿಗೆಯ ಪಕ್ಕದಲ್ಲೇ ಇತ್ತು. ನೋಡೋಣ, ಎಂದಷ್ಟೇ ಹೇಳಿದ್ದಳು.

ಅವನು ಹೋದ ಮೇಲೆ ಒಂದು ಬೆಳಗ್ಗೆ ನನಗೆ ಫೋನ್ ಬಂತು. ಹಡಗಿನ ಎಂಜಿನ್ ಸದ್ದಿನ ನಡುವೆ ಡೆನ್ವರ್ ಕೂಗುತ್ತಿದ್ದ.

"ಮೇಷ್ಟ್ರೇ, ನಿನ್ನೆ ಸಂಜೆಯಿಂದ ಮಾಡ್ತಿದೀನಿ, ಒಲಿಟಾ ಫೋನ್ ಎತ್ತುತ್ತಿಲ್ಲ! ಹೋಗಿ ನೋಡೋ, ದಮ್ಮಯ್ಯ!"

ಸಿಕ್ಕಿದ ಚಪ್ಪಲಿ ಮೆಟ್ಟಿ ಕಾರು ಓಡಿಸಿಕೊಂಡು ಹೋದೆ. ಆದರೂ ಬುದ್ಧಿ ಇತ್ತು, ಜಗುಲಿ ಹತ್ತಲಿಲ್ಲ. ರಸ್ತೆಯಲ್ಲೇ ಕಾರು ನಿಲ್ಲಿಸಿ, ಹಾರ್ನ್ ಒತ್ತಿ, ನನ್ನ ಹೆಸರನ್ನು ನಾನೇ ಕೂಗಿ ಹೇಳಿದೆ. ಬಹಳ ಹೊತ್ತಾದ ಮೇಲೆ ಕಿಟಕಿಯ ಗಾಜು ಮೇಲೆ ಸರಿಯಿತು. ಒಲಿಟಾಳ ಕೂದಲು ಒಂದು ಕಡೆ ಚಪ್ಪಟೆಯಾಗಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ.

"ಏನಾಯ್ತು? ಯಾರಾದ್ರೂ ಸತ್ರಾ?"

"ಇಲ್ಲ! ನೀನು ಫೋನ್ ಎತ್ತಲಿಲ್ಲ ಅಂತ ಡೆನ್ವರ್…"

"ಮಲಗಿದ್ದೆ! ಎಷ್ಟು ತಿಂಗಳಾದ್ಮೇಲೆ ಬಂದ ನಿದ್ದೆ ಮೇಷ್ಟ್ರೇ, ನಿಮ್ಮ ತಲೆ! ಹೋಗಿ, ಆ ದಡ್ಡನಿಗೆ ಹೇಳಿ, ನಾನು ಮಲಗಿದೀನಿ ಅಂತ!"

ಹೇಳಿದೆ. ಡೆನ್ವರ್, "ಸರಿ, ಒಲೆ ಮೇಲೆ ಬೇಕನ್ ಇದೆ," ಎಂದು ಫೋನಿಟ್ಟ. ಹಡಗಿನವರು ಹೇಳುವಂತೆ ಆ ಬೆಳಗಿನ ಬೇಕನ್ ಪೂರಾ ಕರಕಲಾಗಿತ್ತು.

ಆ ಕೋವಿ ಅವಳ ಮಲಗುವ ಕೋಣೆಯ ಕಪಾಟಿನಲ್ಲಿ ಬೀಗದೊಳಗಿದೆ. ಬೀಗದ ಕೈ ಎಲ್ಲಿದೆ ಎಂಬುದು ಒಲಿಟಾಳಿಗೆ ಮಾತ್ರ ಗೊತ್ತು. ಕಳ್ಳ ಯಾರೂ ಬರಲಿಲ್ಲ. ಅದನ್ನು ಮನುಷ್ಯರ ಕಡೆ ತಿರುಗಿಸುವ ಪ್ರಸಂಗವೇ ಬರಲಿಲ್ಲ. ಬರದಿರಲಿ.

ಫೆಬ್ರವರಿಯಲ್ಲಿ ಡೆನ್ವರನನ್ನು ಮಣ್ಣು ಮಾಡಿದ ಮಧ್ಯಾಹ್ನ, ಎಲ್ಲರೂ ಊಟ ಮುಗಿಸಿ ಹೋದ ಮೇಲೆ ಮ್ಯಾಕ್ಸೀನ್ ಅಡುಗೆಮನೆಯಲ್ಲಿ ಒರೆಸಿದ ತಟ್ಟೆಗಳನ್ನೇ ಮತ್ತೆ ಒರೆಸುತ್ತಿದ್ದಳು.

"ನಡಿ ಒಲಿಟಾ. ಹಾಸಿಗೆ ಹಾಸಿಟ್ಟು ಬಂದಿದೀನಿ. ಇನ್ನು ಇಲ್ಲಿ ಒಬ್ಬಳೇ ಹೇಗಿರ್ತೀಯಾ?"

"ಒಬ್ಬಳೇ ಇರೋದು ನಂಗೇನು ಹೊಸದಾ? ಅವನು ಯಾವಾಗ ಮನೇಲಿದ್ದ?" ಎಂದಳು ಒಲಿಟಾ. "ಬಾರಕ್ಕ ನೀನೇ, ಬೇಸಿಗೇಲಿ. ಈರುಳ್ಳಿ ಎಷ್ಟು ಬೇಕಾದ್ರೂ ಹುರೀಬಹುದು."

ಮ್ಯಾಕ್ಸೀನ್ ಅತ್ತು, ತಂಗಿಯನ್ನು ತಬ್ಬಿ, ಬೆಳಕಿರುವಾಗಲೇ ಹೊರಟಳು. ನಾನು ಕೋಟು ಹಾಕಿಕೊಂಡೆ. ಒಲಿಟಾ ಅಳಿದುಳಿದ ಹ್ಯಾಮನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, "ಹೋಗಿ ಮೇಷ್ಟ್ರೇ, ನಾನು ಸ್ವಲ್ಪ ಮಲಗಬೇಕು," ಎಂದಳು.

ನಾನು ಮೆಟ್ಟಿಲಿಳಿಯುವಾಗ ಹಿಂದೆ ಚಿಲಕ ಬಿತ್ತು.